ಹಳೇ ಲ್ಯಾಪ್‌ಟಾಪ್, ಕಲಬುರಗಿ ಬಿಸಲು, ಪಿಎಸ್2 ಆಟ: ಪಿಸಿಎಸ್‌ಎಕ್ಸ್2 ಹೆಂಗದ?

ಸೀದಾ ಹೇಳಿಬಿಡ್ತೀನ್ರಿ, ಪಿಸಿಎಸ್‌ಎಕ್ಸ್2 (ಸೋನಿಯ ಪ್ಲೇಸ್ಟೇಶನ್ 2, ಅಂದ್ರ ಪಿಎಸ್2 ಕನ್ಸೋಲಿನ ಆಟ ಪಿಸಿ ಮ್ಯಾಲ ಆಡಸೋ ಎಮ್ಯುಲೇಟರ್ ಸಾಫ್ಟ್‌ವೇರ್) ಭಾಳ ಛಲೋ ಅದ, ಅದೂ ಫುಕಟ್, ನನ್ನ ಕಡೆಯಿಂದ ಐದಕ್ಕ ನಾಕು ಸ್ಟಾರ್. ಆಟ ಸ್ಲೋ ಆಗ್ಲತ್ತದ ಅಂತ ಇದಕ್ಕ ಬೈಯೋರು ಭಾಳ ಮಂದಿ ಅದಾರ, ಆದ್ರ ಸ್ಲೋ ಎಲ್ಲಿಂದ ಬರ್ಲತ್ತದ ಅಂತ ನೋಡೋರು ಕಮ್ಮಿ.

ನಂದು 8ನೇ ಜನರೇಶನ್ ಐ5 8250ಯು, 8 ಜಿಬಿ ರ್‍ಯಾಮ್ ಒಂದೇ ಸ್ಟಿಕ್, ಬ್ಯಾರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಇಂಟೆಲ್ ಯುಎಚ್‌ಡಿ 620 ಮ್ಯಾಲೇ ಎಲ್ಲಾ. ಗಾಡ್ ಆಫ್ ವಾರ್ 2 ಹಾಕಿದ್ರ ಖರೇ ಪಿಎಸ್2 ಸ್ಪೀಡಿನ 60-65 ಪರ್ಸೆಂಟ್ ಅಷ್ಟೇ. ಪಿಸಿ ಗೇಮ್ ಒಳಗ ಎಫ್‌ಪಿಎಸ್ (ಸೆಕೆಂಡಿಗೆ ಬರೋ ಚಿತ್ರದ ಲೆಕ್ಕ) ಬಿದ್ರ ಚಿತ್ರ ಅಷ್ಟೇ ತಡವರಿಸ್ತದ, ಇಲ್ಲಿ ಹಂಗಲ್ಲ, ಟೈಮೇ ಸ್ಲೋ ಆಗ್ತದ, ಆಟದ ಹೀರೋ ಕ್ರೇಟೋಸ್ ಕೆಸರೊಳಗ ನಡದಂಗ ನಡಿತಾನ, ಹಾಡು ಎಳದೆಳದು ಬರ್ತದ. ಜಗತ್ ಸರ್ಕಲ್ ಕಡೆ ಒಂದ್ ಅಂಗಡ್ಯಾಗ ಕೇಳಿದ್ರ ಆ ಅಣ್ಣ ಮಷಿನ್ ತಗದೂ ನೋಡ್ಲಿಲ್ಲ, ಹೊಸ ಗೇಮಿಂಗ್ ಲ್ಯಾಪ್‌ಟಾಪ್ ತಗೋ ತಮ್ಮಾ ಅಂದುಬಿಟ್ಟ.

ಈ ಸಾಫ್ಟ್‌ವೇರ್‌ದಾಗ ನಂಗ ಎಲ್ಲಕ್ಕಿಂತ ಸೇರಿದ್ದು ಆನ್ ಸ್ಕ್ರೀನ್ ಡಿಸ್‌ಪ್ಲೇ. ಸೆಟ್ಟಿಂಗ್ಸ್‌ದಾಗ ಅದರ ಪಟ್ಟಿಗೆ ಹೋಗಿ ಸಿಪಿಯು, ಜಿಪಿಯು ಯೂಸೇಜ್ ಆನ್ ಮಾಡ್ರಿ, ಆಟ ಆಡುವಾಗ ಮೂಲ್ಯಾಗ ಇಇ (ಪಿಎಸ್2ದ ಮೇನ್ ಪ್ರೊಸೆಸರ್), ಜಿಎಸ್ (ಅದರ ಗ್ರಾಫಿಕ್ಸ್ ಚಿಪ್), ವಿಯು (ಅದರ ಲೆಕ್ಕದ ಯೂನಿಟ್), ಜಿಪಿಯು (ನಿಮ್ಮ ಪಿಸಿಯ ಗ್ರಾಫಿಕ್ಸ್) ಅಂತ ನಂಬರ್ ಬರ್ತಾವ. ಇಇ 100ರ ಹತ್ರ ನಿಂತಿದ್ರ ತ್ರಾಸು ನಿಮ್ಮ ಪಿಸಿ ಪ್ರೊಸೆಸರ್‌ದು, ಜಿಪಿಯು 100 ಮುಟ್ಟಿದ್ರ ಗ್ರಾಫಿಕ್ಸ್‌ದು. ಇಷ್ಟು ನೋಡಲಾರದೆ ಯಾವ ಸೆಟ್ಟಿಂಗಿಗೂ ಕೈ ಹಚ್ಚಬ್ಯಾಡ್ರಿ.

ನಂದರಾಗ ಎರಡೂ ತ್ರಾಸು ಇದ್ವು. ಈ ಐ5 ಟರ್ಬೋದಾಗ 3.4 ಗಿಗಾಹರ್ಟ್ಸ್ ತನಕ ಹೋಗ್ತದ, ಬೇಸ್ ಮಾತ್ರ 1.6. ಟಾಸ್ಕ್ ಮ್ಯಾನೇಜರ್ ತಗದು ನೋಡಿದ್ರ ಆಟ ಚಾಲೂ ಆದಾಗ 3ರ ಮ್ಯಾಲ ಇರ್ತಿತ್ತು, ಜರಾ ಹೊತ್ತಾದ್ ಮ್ಯಾಲ 1.7ಕ್ಕ ಇಳದು ಅಲ್ಲೇ ಕುಂದರ್ತಿತ್ತು. ಯಾಕಂದ್ರ ಬಿಸಿ. ನಮ್ಮೂರ ಏಪ್ರಿಲ್-ಮೇದಾಗ ಹೊರಗೇ 42-43 ಡಿಗ್ರಿ ಇರ್ತದ, ಮನಿ ಒಳಗ ಕೂಲರ್ ಹಚ್ಚಿದ್ರೂ ಕರೆಂಟ್ ಹೋದ್ರ ಮುಗೀತು, ಅಂಥಾದ್ರಾಗ ಲ್ಯಾಪ್‌ಟಾಪ್ ಹಾಸಗಿ ಮ್ಯಾಲ ಇಟ್ಟು ಆಡಿದ್ರ ಫ್ಯಾನಿಗೆ ಗಾಳಿ ಎಲ್ಲಿಂದ ಬರಬೇಕು? ಬ್ಯಾರೆ ಅಂಗಡ್ಯಾಗ ಬಿಚ್ಚಿಸಿ ಧೂಳು ತಗಸಿ ಹೊಸ ಥರ್ಮಲ್ ಪೇಸ್ಟ್ ಹಾಕ್ಸಿದೆ, ಚಾರ್ಜರ್ ಹಚ್ಚಿ ಪವರ್ ಮೋಡ್ ಬೆಸ್ಟ್ ಪರ್ಫಾರ್ಮೆನ್ಸಿಗೆ ಇಟ್ಟೆ, ಇಷ್ಟರಾಗೇ ಆಟದ ಸ್ಪೀಡ್ 80 ಪರ್ಸೆಂಟ್ ಮ್ಯಾಲ ಬಂತು.

ಇನ್ನ ರ್‍ಯಾಮ್. ಇದು ಖರೇನ ಮಜಾ ಅದ. ಪಿಎಸ್2 ಬಂದದ್ದು 2000ದಾಗ, ಪ್ರೊಸೆಸರ್ ಬರೇ 294 ಮೆಗಾಹರ್ಟ್ಸ್, ಮೇನ್ ಮೆಮೊರಿ 32 ಎಂಬಿ. ಆದ್ರ ಅದರ ಗ್ರಾಫಿಕ್ಸ್ ಚಿಪ್ ಒಳಗೇ ಇದ್ದ 4 ಎಂಬಿ ಮೆಮೊರಿ ಸೆಕೆಂಡಿಗೆ ಸುಮಾರು 48 ಜಿಬಿ ಡಾಟಾ ಓಡಸ್ತಿತ್ತು! ನನ್ನ ಡಿಡಿಆರ್4 2400 ಒಂದ್ ಸ್ಟಿಕ್‌ನ ತಾಕತ್ತು ಸೆಕೆಂಡಿಗೆ 19.2 ಜಿಬಿ, ಅದನ್ನೇ ಪ್ರೊಸೆಸರ್ರೂ ಗ್ರಾಫಿಕ್ಸೂ ಹಂಚ್ಕೊಂಡು ತಿನ್ಬೇಕು. ಎರಡನೇ ಸ್ಟಿಕ್ ಹಾಕಿದ್ರ ಡ್ಯುಯಲ್ ಚಾನೆಲ್ ಆಗಿ 38.4 ಆಗ್ತದ. ಹಾಕ್ದೆ, ಜಿಪಿಯು 100ರಿಂದ ಇಳೀತು. ಹೊಸ ಲ್ಯಾಪ್‌ಟಾಪಿನ ರೊಕ್ಕದ ಮುಂದ ಈ ಖರ್ಚು ಏನೂ ಅಲ್ಲ.

ರೆಸೊಲ್ಯೂಶನ್ ಬಗ್ಗೆ ಆಸೆ ಮಾಡಬ್ಯಾಡ್ರಿ, 2ಎಕ್ಸ್ ಅಂದ್ರ ನೇಟಿವ್‌ಗಿಂತ (ಪಿಎಸ್2ದ ಮೂಲ ರೆಸೊಲ್ಯೂಶನ್‌ಗಿಂತ) ನಾಕು ಪಟ್ಟು ಪಿಕ್ಸೆಲ್, 3ಎಕ್ಸ್ ಅಂದ್ರ ಒಂಬತ್ತು. ಸಾದಾ ಆಟ ನಂದರಾಗ 2ಎಕ್ಸ್ ಆರಾಮ ನಡಿತಾವ, ಗಾಡ್ ಆಫ್ ವಾರ್ 2 ನೇಟಿವ್‌ದಾಗೇ, ಅದೂ ದೊಡ್ಡ ಫೈಟ್ ಬಂದಾಗ 90ಕ್ಕ ಇಳಿತದ. ಅಂದಂಗ ಎಫ್ 9 ಕೈತಪ್ಪಿ ಒತ್ತಿದ್ರ ಸಾಫ್ಟ್‌ವೇರ್ ರೆಂಡರಿಂಗಿಗೆ ಹೋಗಿ ಎಲ್ಲಾ ಭಾರ ಪ್ರೊಸೆಸರ್ ಮ್ಯಾಲ ಬೀಳ್ತದ, ಒಮ್ಮಿಂದೊಮ್ಮೆ ಸ್ಲೋ ಆದ್ರ ಮೊದ್ಲು ಅದನ್ನ ನೋಡ್ರಿ.

ಒಂದ್ ಸ್ಟಾರ್ ಕಡದದ್ದು ಯಾಕಂದ್ರ ಸೆಟ್ಟಿಂಗ್ಸ್ ಪಟ್ಟಿ ಹೊಸಬರ ತಲಿ ತಿರಗಸ್ತದ. ಇಇ ಸೈಕಲ್ ರೇಟ್ (ಇಇ ಎಷ್ಟು ಜೋರು ಓಡಬೇಕು ಅನ್ನೋದು) ಕಮ್ಮಿ ಮಾಡಿದ್ರ ನಿಮ್ಮ ಪಿಸಿಗೆ ಹಗುರ, ಜಾಸ್ತಿ ಮಾಡಿದ್ರ ಕನ್ಸೋಲ್ ಮ್ಯಾಲೇ ಕುಂಟ್ತಿದ್ದ ಶ್ಯಾಡೋ ಆಫ್ ದಿ ಕೊಲೋಸಸ್ ಅಂಥಾವು ನುಣ್ಣಗ ಓಡ್ತಾವ ಆದ್ರ ಪಿಸಿ ಗಟ್ಟಿ ಇರಬೇಕು. ಸೈಕಲ್ ಸ್ಕಿಪ್ ಅಂತೂ ಮೋಸ, ಸ್ಪೀಡ್ 100 ತೋರಸ್ತದ, ಆಟ ಮಾತ್ರ ಜಿಗ್ದು ಜಿಗ್ದು ಹೋಗ್ತದ. ಏನೇ ಬದಲಿಸಿದ್ರೂ ಆ ಆಟದ ಮ್ಯಾಲ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ದಾಗ ಬದಲಿಸ್ರಿ, ಉಳದ ಆಟ ಕೆಡಂಗಿಲ್ಲ.

ಹಾಕೊಳ್ಳೋರು 2.0 ಇಲ್ಲಾ ಅದಕ್ಕಿಂತ ಹೊಸಾದೇ ಹಾಕೋರಿ, ಅದು 2024ರ ಜುಲೈದಾಗ ಬಂತು. ಯೂಟ್ಯೂಬ್‌ದಾಗ ಪ್ಲಗಿನ್ ಸೆಟ್ಟಿಂಗ್ ಹೇಳೋ ವಿಡಿಯೋ ಎಲ್ಲಾ 1.6 ಮತ್ತ ಅದಕ್ಕಿಂತ ಹಳೇ ಕಾಲದ್ದು, ಈಗ ಆ ಪ್ಲಗಿನ್ನೇ ಇಲ್ಲ. ಬಯೋಸ್ ಫೈಲ್ (ಪಿಎಸ್2 ಚಾಲೂ ಮಾಡೋ ಅದರ ಒಳಗಿನ ಸಾಫ್ಟ್‌ವೇರ್) ಜೋಡಿ ಬರಂಗಿಲ್ಲ, ನಿಮ್ಮ ಸ್ವಂತ ಪಿಎಸ್2ರಿಂದ ತಗೀಬೇಕು. ಪ್ರೊಸೆಸರ್‌ದಾಗ ಎಸ್‌ಎಸ್‌ಇ 4.1 (ಪ್ರೊಸೆಸರಿಗೆ ತಿಳಿಯೋ ಆದೇಶಗಳ ಒಂದು ಗುಂಪು) ಇರಲಿಲ್ಲಂದ್ರ ಚಾಲೂನೇ ಆಗಂಗಿಲ್ಲ. ಇದೇ ಲ್ಯಾಪ್‌ಟಾಪ್‌ದಾಗ ಪಿಎಸ್3 ಆಟ ನಡೀತಾವೇನು ಅಂತ ಕೇಳೋರಿಗೆ, ಆ ಆಸೆ ಬಿಡ್ರಿ, ಪಿಎಸ್3 ಎಮ್ಯುಲೇಟರ್ ಆರ್‌ಪಿಸಿಎಸ್3ಗೆ ಇದಕ್ಕಿಂತ ಭಾಳ ದೊಡ್ಡ ಪ್ರೊಸೆಸರ್ ಬೇಕು.