ಒಂದೇ ಅಳತೆಯ ನಾಲ್ಕು ಶೀಟಿನ ಬಾಗಿಲು, ನಾಲ್ಕು ವಿಧಾನ

ಒಂದೇ ಅಳತೆಯ ನಾಲ್ಕು ಬಾಗಿಲಿನ ಕೆಲಸ ಬಂದಿತ್ತು. ಎತ್ತರ 2100 ಮಿಲಿಮೀಟರ್, ಅಗಲ 900. ನಾಲ್ಕನ್ನೂ ಒಂದೇ ರೀತಿ ಮಾಡಿ ಕೊಟ್ಟುಬಿಡಬಹುದಿತ್ತು. ಆದರೆ ವೆಲ್ಡ್ ಮಾಡಿದ ಮೇಲೆ ಶೀಟು ಯಾಕೆ ಹೊಟ್ಟೆ ಬಿಡುತ್ತದೆ ಅನ್ನೋದು ನನ್ನನ್ನು ಬಹಳ ದಿನದಿಂದ ಕಾಡುತ್ತಿತ್ತು. ಹಾಗಾಗಿ ಒಂದೊಂದು ಬಾಗಿಲನ್ನು ಒಂದೊಂದು ವಿಧಾನದಲ್ಲಿ ಮಾಡಿದೆ.

ಮೂರಕ್ಕೆ 1.2 ಮಿಲಿಮೀಟರ್ ದಪ್ಪದ ಸಿಆರ್ (ಕೋಲ್ಡ್ ರೋಲ್ಡ್, ಲೇಪನವಿಲ್ಲದ ಉಕ್ಕಿನ) ಶೀಟು, ಅಂದರೆ ನಾವು 18 ಗೇಜ್ ಅನ್ನುವುದು. ರಿವೆಟ್ ಹೊಡೆದ ಬಾಗಿಲಿಗೆ ಮಾತ್ರ ಅದೇ ದಪ್ಪದ ಜಿಐ, ಅಂದರೆ ಸತು ಲೇಪಿಸಿದ ಉಕ್ಕಿನ ಶೀಟು. ಈ ಅಳತೆಗೆ ಶೀಟಿನ ತೂಕವೇ ಸುಮಾರು 18 ಕೆಜಿ ಬರುತ್ತದೆ. ಚೌಕ ಪೈಪಿನ ಫ್ರೇಮು ಕೂಡಿಸುವಾಗ ಮೂಲೆಮಟ್ಟವನ್ನೊಂದೇ ನಂಬಬೇಡಿ. ಮೂಲೆಯಿಂದ ಮೂಲೆಗೆ ಟೇಪು ಹಿಡಿಯಿರಿ. ಈ ಅಳತೆಗೆ ಎರಡೂ ಕಡೆ 2285 ಮಿಲಿಮೀಟರ್ ಬರಬೇಕು. ಟ್ಯಾಕ್ (ಜಾಗದಲ್ಲಿ ಹಿಡಿದಿಡುವ ಚುಕ್ಕಿ ವೆಲ್ಡ್) ಹೊಡೆದ ಮೇಲೆ ಒಮ್ಮೆ, ಪೂರ್ತಿ ವೆಲ್ಡ್ ಆದ ಮೇಲೆ ಇನ್ನೊಮ್ಮೆ ನೋಡಬೇಕು.

ಮೊದಲನೆಯದು ಮಾಮೂಲಿ ರಾಡಿನ ವೆಲ್ಡಿಂಗ್. 2.5 ಮಿಲಿಮೀಟರ್ ರಾಡಿನಲ್ಲಿ ಶುರು ಮಾಡಿದೆ, ಎರಡೇ ಕಡೆ ಮುಟ್ಟಿಸುವಷ್ಟರಲ್ಲಿ ಶೀಟು ತೂತು ಬಿತ್ತು. 2 ಮಿಲಿಮೀಟರ್ ರಾಡಿಗೆ ಬಂದು, ಕರೆಂಟನ್ನು 45 ಆಂಪಿಯರ್ ಹತ್ತಿರ ಇಳಿಸಿ, ಉರಿಯನ್ನು ಪೈಪಿನ ಮೇಲೆ ಜಾಸ್ತಿ ಹಿಡಿದು ಶೀಟಿನ ಕಡೆ ಸುಮ್ನೆ ಸವರಿದಂತೆ ಮಾಡಿದಾಗ ಕೂತಿತು. ಕಷ್ಟ ಇರುವುದು ಬೇರೆ ಕಡೆ. ರಾಡು ಹಚ್ಚುವಾಗಲೇ ಅಂಟಿಕೊಳ್ಳುವುದು ಜಾಸ್ತಿ. ಅದಕ್ಕೆ ಚಿಕ್ಕ ಚಿಕ್ಕ ಹೊಲಿಗೆ (ಬಿಟ್ಟು ಬಿಟ್ಟು ಹಾಕುವ ತುಂಡು ವೆಲ್ಡ್) ಹಾಕುವ ಬದಲು ಒಂದೊಂದನ್ನೂ 50 ಮಿಲಿಮೀಟರ್ ಎಳೆದುಬಿಟ್ಟೆ. ಅಷ್ಟೂ ಕಾವು ಶೀಟಿಗೆ ಹೋಯಿತು. ತಣ್ಣಗಾದ ಮೇಲೆ ಮಧ್ಯದಲ್ಲಿ ಕೈಯಿಟ್ಟು ಒತ್ತಿದರೆ ಡಬ್ ಅಂತ ಒಳಗೆ ಹೋಗಿ, ಬಿಟ್ಟರೆ ಮತ್ತೆ ಈಚೆ ಬರುತ್ತಿತ್ತು.

ಹೀಗಾಗುವುದಕ್ಕೆ ಕಾರಣ ಸರಳ. ಒಂದು ಮೀಟರ್ ಉಕ್ಕು 100 ಡಿಗ್ರಿ ಬಿಸಿಯಾದರೆ ಸುಮಾರು 1.2 ಮಿಲಿಮೀಟರ್ ಬೆಳೆಯುತ್ತದೆ. ವೆಲ್ಡ್ ಬೀಳುವ ಜಾಗ ಇನ್ನೂ ಎಷ್ಟೋ ಜಾಸ್ತಿ ಬಿಸಿಯಾಗಿ ಬೆಳೆಯಲು ನೋಡುತ್ತದೆ. ಸುತ್ತಲಿನ ತಣ್ಣನೆಯ ಶೀಟು ಬಿಡುವುದಿಲ್ಲ. ಆಗ ಆ ಜಾಗ ತನ್ನೊಳಗೇ ಅಮುಕಿಕೊಳ್ಳುತ್ತದೆ. ಆರಿದಾಗ ಮೊದಲಿಗಿಂತ ಗಿಡ್ಡವಾಗುತ್ತದೆ. ನಾಲ್ಕೂ ಅಂಚು ಗಿಡ್ಡವಾದರೆ ಮಧ್ಯದ ಶೀಟು ಎಲ್ಲಿಗೆ ಹೋಗಬೇಕು? ಹೊಟ್ಟೆ ಬಿಡುತ್ತದೆ, ಅಷ್ಟೇ.

ಎರಡನೆಯ ಬಾಗಿಲಿಗೆ ಮಿಗ್ ಮಷೀನು, ಅಂದರೆ ರಾಡಿನ ಬದಲು ತಂತಿ ತಾನೇ ಬರುತ್ತಾ, ಗ್ಯಾಸಿನ ರಕ್ಷಣೆಯಲ್ಲಿ ವೆಲ್ಡ್ ಆಗುವುದು; 0.8 ಮಿಲಿಮೀಟರ್ ತಂತಿ. ಇಲ್ಲಿ 25 ಮಿಲಿಮೀಟರ್ ಹೊಲಿಗೆಯನ್ನು ಆರಾಮಾಗಿ ಹಾಕಬಹುದು. 150 ಮಿಲಿಮೀಟರ್‌ಗೆ ಒಂದರಂತೆ ಹಾಕಿದೆ. ಬಾಗಿಲಿನ ಸುತ್ತಳತೆ 6 ಮೀಟರ್, ವೆಲ್ಡ್ ಬಿದ್ದದ್ದು ಒಟ್ಟು 1 ಮೀಟರ್ ಮಾತ್ರ. ಪ್ರತಿ ಬದಿಯಲ್ಲೂ ನಡುವಿನಿಂದ ಶುರು ಮಾಡಿ ಮೂಲೆಗಳ ಕಡೆ ಹೋದೆ. ಎಡಕ್ಕೆ ಒಂದು ಹಾಕಿದರೆ ಮುಂದಿನದು ಬಲಕ್ಕೆ. ಕೈಯಿಟ್ಟು ನೋಡಿ ಬೆಚ್ಚಗಿದ್ದರೆ ಆ ಕಡೆ ಹೋಗಲಿಲ್ಲ. ಎರಡು ಕಡೆ ಹಿಂದೆ ತಾಮ್ರದ ಪಟ್ಟಿ ಹಿಡಿದೆ. ತಾಮ್ರ ಕಾವನ್ನು ಎಳೆದುಕೊಳ್ಳುತ್ತದೆ, ವೆಲ್ಡ್ ಅದಕ್ಕೆ ಅಂಟುವುದೂ ಇಲ್ಲ.

ಮೊದಲನೆಯದಕ್ಕೆ ಹೋಲಿಸಿದರೆ ಇದು ಎಷ್ಟೋ ವಾಸಿ. ಸ್ಲ್ಯಾಗ್ (ವೆಲ್ಡಿನ ಮೇಲೆ ಕೂರುವ ಕಿಟ್ಟ) ಕೆರೆಯುವ ಕೆಲಸ ಇಲ್ಲ, ಗ್ರೈಂಡಿಂಗೂ ಕಡಿಮೆ. ಆದರೆ ಫ್ಯಾನು ಹಾಕುವಂತಿಲ್ಲ, ಗಾಳಿ ಬೀಸಿದರೆ ಗ್ಯಾಸು ಹಾರಿ ವೆಲ್ಡಿನಲ್ಲಿ ಸಣ್ಣ ಸಣ್ಣ ರಂಧ್ರ ಬೀಳುತ್ತವೆ. ಇನ್ನೊಂದು ಬೇಸರ ಪೇಂಟ್ ಆದ ಮೇಲೆ ಕಂಡಿತು. ಒಳಗಿನ ಅಡ್ಡಪಟ್ಟಿಗೆ ಶೀಟನ್ನು ಹೊಲಿದ ಕಡೆಯೆಲ್ಲ ಮುಂದಿನಿಂದ ಚಿಕ್ಕ ಚಿಕ್ಕ ಗುಳಿ. ಓರೆ ಬೆಳಕಿನಲ್ಲಿ ನಿಂತು ನೋಡಿದರೆ ಎಣಿಸಬಹುದು.

ದಪ್ಪ ಶೀಟು ಹಾಕಿದರೆ ಎಲ್ಲ ಸರಿಹೋಗುತ್ತೆ ಅಂತ ಹೇಳುವವರು ತುಂಬಾ ಜನ. 1.6 ಮಿಲಿಮೀಟರ್ ಶೀಟು ಬಾಗುವುದು ಕಡಿಮೆ, ಅದು ನಿಜ. ಆದರೆ ತೂಕ ಸುಮಾರು 6 ಕೆಜಿ ಏರುತ್ತದೆ. ಆ ಭಾರವನ್ನು ಹಿಂಜುಗಳು ದಿನವೂ ಹೊರಬೇಕು ಅಲ್ವಾ? ಅಂಚು ಗಿಡ್ಡವಾಗುವುದೂ ತಪ್ಪುವುದಿಲ್ಲ.

ಮೂರನೆಯದು ಜಿಐ ಶೀಟು, ರಿವೆಟ್. ಜಿಐ ಮೇಲೆ ವೆಲ್ಡ್ ಮಾಡುವುದು ನನಗೆ ಬೇಡ. ಸತು 907 ಡಿಗ್ರಿಗೇ ಕುದಿದು ಬಿಳಿ ಹೊಗೆಯಾಗುತ್ತದೆ, ಉಕ್ಕು ಕರಗಲು ಸುಮಾರು 1500 ಡಿಗ್ರಿ ಬೇಕು. ಅಂದರೆ ವೆಲ್ಡ್ ಆಗುವ ಮೊದಲೇ ಹೊಗೆ. ಹಿಂದೆ ಒಮ್ಮೆ ಮುಚ್ಚಿದ ಜಾಗದಲ್ಲಿ ಹಾಗೆ ಮಾಡಿ, ರಾತ್ರಿಯೆಲ್ಲ ಚಳಿಜ್ವರದಲ್ಲಿ ನಡುಗಿದ್ದೇನೆ. ಮಾಡಲೇಬೇಕಾದರೆ ವೆಲ್ಡ್ ಬೀಳುವ ಜಾಗದ ಸತುವನ್ನು ಗ್ರೈಂಡರ್‌ನಲ್ಲಿ ತೆಗೆದು, ಗಾಳಿಯಾಡುವ ಕಡೆ, ಸರಿಯಾದ ಮಾಸ್ಕ್ ಹಾಕಿಕೊಂಡೇ ಮಾಡಿ.

4 ಮಿಲಿಮೀಟರ್ ಉಕ್ಕಿನ ರಿವೆಟ್‌ಗಳನ್ನು 100 ಮಿಲಿಮೀಟರ್ ಅಂತರದಲ್ಲಿ ಹೊಡೆದೆ. ಶೀಟು ಒಂದು ಚೂರೂ ಅಲುಗದೆ ಸಪಾಟಾಗಿ ಕೂತಿತು. ಕಾವೇ ಇಲ್ಲವಲ್ಲ! ಬಾಗಿಲು ಜೋರಾಗಿ ಹಾಕಿದಾಗ ಮಾತ್ರ ರಿವೆಟ್‌ಗಳ ನಡುವೆ ಶೀಟು ಪೈಪಿಗೆ ಬಡಿದು ಗಲಗಲ ಅನ್ನುತ್ತಿತ್ತು. ಹೊರಗಿನಿಂದ ಡ್ರಿಲ್ ಹಿಡಿದರೆ ರಿವೆಟ್ ಕಿತ್ತು ಬರುತ್ತದೆ. ಒಳಗಿನ ಕೋಣೆಗೆ ಇದು ಸಾಕು, ಮುಂಬಾಗಿಲಿಗೆ ನಾನು ಕೊಡುವುದಿಲ್ಲ.

ನಾಲ್ಕನೆಯದು ನನ್ನ ಮನಸ್ಸು ಗೆದ್ದ ಬಾಗಿಲು. ಇದಕ್ಕೆ ಸುತ್ತಲೂ ಫ್ರೇಮೇ ಇಲ್ಲ. ಶೀಟಿನ ನಾಲ್ಕೂ ಅಂಚನ್ನು ತಟ್ಟೆಯ ಅಂಚಿನ ಹಾಗೆ 40 ಮಿಲಿಮೀಟರ್ ಮಡಚಿ, ತುದಿಯನ್ನು ಮತ್ತೆ 15 ಮಿಲಿಮೀಟರ್ ಒಳಕ್ಕೆ ಮಡಚಬೇಕು. ಮಡಿಕೆಯೇ ಬಿಗಿ ಕೊಡುತ್ತದೆ. ನನ್ನ ಶಾಪಿನಲ್ಲಿ ಇಷ್ಟುದ್ದದ ಬೆಂಡಿಂಗ್ ಮಷೀನು ಇಲ್ಲ. ಎರಡು ಆಂಗಲ್ (L ಆಕಾರದ ಉಕ್ಕಿನ ಪಟ್ಟಿ) ನಡುವೆ ಶೀಟನ್ನು ಕ್ಲ್ಯಾಂಪ್ ಮಾಡಿ ಮರದ ಕೊಡತಿಯಿಂದ ಹೊಡೆದು ಒಂದು ತುಂಡಿನಲ್ಲಿ ನೋಡಿದೆ, ಅಂಚು ನೇರ ಬರಲಿಲ್ಲ. ಹೊರಗೆ ಕೊಟ್ಟು ಮಡಿಸಿಕೊಂಡು ಬಂದೆ.

ಅಳತೆಯಲ್ಲಿ ಇಲ್ಲೊಂದು ತಪ್ಪು ಮಾಡಿದೆ. 15, 40, 900, 40, 15 ಎಲ್ಲ ಕೂಡಿ 1010 ಮಿಲಿಮೀಟರ್ ಅಗಲಕ್ಕೆ ಶೀಟು ಕತ್ತರಿಸಿದೆ. ಮಡಚುವಾಗ ಶೀಟು ಸ್ವಲ್ಪ ಎಳೆಯುತ್ತದೆ ಅನ್ನೋದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಬಾಗಿಲು 8 ಮಿಲಿಮೀಟರ್ ದೊಡ್ಡದಾಗಿ ಬಂತು, ಆ ಶೀಟು ದಂಡ. ಆಮೇಲೆ ಅದೇ ಶೀಟಿನಿಂದ 100 ಮಿಲಿಮೀಟರ್ ಉದ್ದದ ಪಟ್ಟಿ ಕತ್ತರಿಸಿ ಒಂದು ಸಲ ಮಡಚಿಸಿದೆ. ಎರಡೂ ಕಾಲನ್ನು ಹೊರಗಿನಿಂದ ಅಳೆದು ಕೂಡಿದರೆ 102 ಚಿಲ್ಲರೆ. ಅಂದರೆ ಮಡಿಕೆಗೆ 2 ಮಿಲಿಮೀಟರ್ ಚಿಲ್ಲರೆ ಕಳೆಯಬೇಕು. ಅಗಲದಲ್ಲಿ ನಾಲ್ಕು ಮಡಿಕೆ, ನಾಲ್ಕು ಸಲ ಕಳೆಯಬೇಕು. ಈ ಪಟ್ಟಿಯ ಪರೀಕ್ಷೆಗೆ ಐದು ನಿಮಿಷ ಸಾಕು. ಮಷೀನು ಬದಲಾದರೆ, ಶೀಟಿನ ದಪ್ಪ ಬದಲಾದರೆ ಮತ್ತೆ ಮಾಡಿ.

ವೆಲ್ಡ್ ಬೇಕಾದದ್ದು ನಾಲ್ಕು ಮೂಲೆಗೆ ಮತ್ತು ಅಡ್ಡಪಟ್ಟಿಗಳ ತುದಿಗೆ ಮಾತ್ರ. ಅಡ್ಡಪಟ್ಟಿಗೆ 25 ಮಿಲಿಮೀಟರ್ ಚೌಕ ಪೈಪು ಮೂರು ತುಂಡು ಹಾಕಿದೆ. ಒಳಮಡಿಕೆ ಅಡ್ಡ ಬರುವುದರಿಂದ ಪೈಪನ್ನು ಓರೆಯಾಗಿ ತೂರಿಸಿ ಆಮೇಲೆ ತಿರುಗಿಸಬೇಕು. ಪೈಪಿಗೂ ಶೀಟಿಗೂ 3 ಮಿಲಿಮೀಟರ್ ಸಂದು ಬಿಟ್ಟು ತುದಿಗಳನ್ನು ವೆಲ್ಡ್ ಮಾಡಿದೆ. ಪೂರ್ತಿ ತಣ್ಣಗಾದ ಮೇಲೆ ಆ ಸಂದಿಗೆ ಎರಡೂ ಕಡೆಯಿಂದ ಪಿಯು (ಪಾಲಿಯುರೇಥೇನ್) ಅಂಟು ತುಂಬಿದೆ. ಗುಳಿಯೂ ಇಲ್ಲ, ಗಲಗಲವೂ ಇಲ್ಲ. ಬಡಿದರೆ ಗಟ್ಟಿ ಸದ್ದು ಬರುತ್ತದೆ.

ಅಂಟು ತುಂಬುವ ಮೊದಲೇ ಹಿಂಜ್ ಮತ್ತು ಬೀಗ ಬರುವ ಜಾಗಕ್ಕೆ ಒಳಗಿನಿಂದ 5 ಮಿಲಿಮೀಟರ್ ದಪ್ಪದ ಪಟ್ಟಿ ಹಾಕಿರಿ. 1.2 ಮಿಲಿಮೀಟರ್ ಶೀಟಿಗೆ ನೇರವಾಗಿ ಹಿಂಜ್ ಹಚ್ಚಿದರೆ ಒಂದಲ್ಲ ಒಂದು ದಿನ ಹರಿಯುತ್ತದೆ. ಕೆಳಗಿನ ಮಡಿಕೆಯಲ್ಲಿ ನೀರು ನಿಲ್ಲದಂತೆ ಎರಡು ತೂತು ಬೇಕು. ಪ್ರೈಮರ್ ಮಡಿಕೆಯ ಒಳಗೂ ಹೋಗಬೇಕು.

ಬೆಂಡಿಂಗ್ ಸಿಗದ ಕಡೆ ನಾನು ಈಗಲೂ ಮಿಗ್ ಹೊಲಿಗೆಯನ್ನೇ ಆರಿಸುತ್ತೇನೆ, ಆದರೆ ಅಡ್ಡಪಟ್ಟಿಗೆ ವೆಲ್ಡ್ ಬದಲು ಅಂಟು. ರಾಡು ಫ್ರೇಮಿಗೆ, ಆಂಗಲ್‌ಗೆ ಇರಲಿ. ಹೊಟ್ಟೆ ಬಿಟ್ಟ ಮೊದಲನೆಯ ಬಾಗಿಲನ್ನು ಕೊಡಲು ಮನಸ್ಸು ಬರಲಿಲ್ಲ. ಶೀಟನ್ನು ಗ್ರೈಂಡರ್‌ನಲ್ಲಿ ಬಿಡಿಸಿ, ಹೊಸ ಶೀಟು ಮಡಿಸಿ ತಂದೆ. ಹಳೆಯ ಫ್ರೇಮಿನ ಪೈಪುಗಳೇ ಅದಕ್ಕೆ ಅಡ್ಡಪಟ್ಟಿಗಳಾದವು.