ದ್ರಾಕ್ಷಿ ತೋಟಕ್ಕೆ ಹವಾಮಾನ ಯಂತ್ರ ಕೂಡಿಸುವವರು ಇದನ್ನೊಮ್ಮೆ ಓದಿ

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಈ ಮಾತು. ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಸವರುವ ಹೊತ್ತು, ಹತ್ತಿರ ಬಂತು, ಸೆನ್ಸರ್ ಮಾರುವವರು ಮತ್ತೆ ಊರೂರು ತಿರುಗುತ್ತಿದ್ದಾರೆ. ಹೋದ ವರ್ಷ ಅಂಥದ್ದೊಂದು ಯಂತ್ರ ನಂಬಿ ಮೂರು ಎಕರೆಯಲ್ಲಿ ಅರ್ಧದಷ್ಟು ಗೊನೆ ಕಳೆದುಕೊಂಡೆ.

ಯಂತ್ರ ಅಂದರೆ ಕಂಬಕ್ಕೆ ಕಟ್ಟಿದ ಡಬ್ಬಿ, ಮೇಲೆ ಅಂಗೈಯಷ್ಟು ಸೋಲಾರ್ ಪ್ಲೇಟ್, ಒಳಗೊಂದು ಸಿಮ್. ಬಿಸಿಲು, ಮಳೆ, ಗಾಳಿಯ ತೇವ ಅಳೆಯುತ್ತದೆ. ಜೊತೆಗೆ ಎಲೆಯಾಕಾರದ ಸಣ್ಣ ಪಟ್ಟಿಯೊಂದು ಎಲೆ ಎಷ್ಟು ಗಂಟೆ ಹಸಿ ಇತ್ತು ಅಂತ ತೋರಿಸುತ್ತದೆ. ಎಲೆ, ಗೊನೆಗಳಿಗೆ ಬೂಷ್ಟು ಹತ್ತಿಸುವ ಡೌನಿ ರೋಗದ ಭಯ ತಿಳಿಯಲು ಬೇಕಾದ್ದು ಈ ಕೊನೆಯ ಲೆಕ್ಕವೇ. ಎಲೆ ಮೇಲೆ ನೀರು ನಿಂತರೆ ರೋಗ ಒಳಗೆ ಹೊಗುತ್ತದೆ, ಹೊಕ್ಕ ಮೇಲೆ ನಾಲ್ಕೈದು ದಿನ ಕಣ್ಣಿಗೇ ಬೀಳುವುದಿಲ್ಲ. ಹಾಗಾಗಿ ಕಾಣುವ ಮೊದಲೇ ಎಣ್ಣೆ (ರೋಗದ ಔಷಧಿ) ಹೊಡೆದಿರಬೇಕು.

38 ಸಾವಿರ ಎಣಿಸಿಕೊಟ್ಟೆ. “ಕಾಕಾರ, ಇನ್ನ ಮ್ಯಾಲ ಸುಮ್ಮಸುಮ್ಮನ ಎಣ್ಣಿ ಹೊಡ್ಯೂದು ಬ್ಯಾಡ. ಆಪ್ ಹೇಳಿದಾಗಷ್ಟ ಹೊಡೀರಿ” ಅಂದ ಏಜೆಂಟ್. ಮೊದಲ ತಿಂಗಳು ಹಾಗೇ ನಡೆಯಿತು, ಎರಡು ಸಲ ಎಣ್ಣೆಯ ಖರ್ಚು ಉಳಿಯಿತು. ನಂಬಿಕೆ ಬಂದದ್ದು ಅಲ್ಲಿಯೇ.

ನವೆಂಬರ್‌ನಲ್ಲಿ ತೋಟ ಹೂವಿಗೆ ಬಂದಿತ್ತು. ರಾತ್ರಿ ಜಿಟಿಜಿಟಿ ಮಳೆ, ಬೆಳಿಗ್ಗೆ ದಟ್ಟ ಮಂಜು. ಒಂದು ದಿನ ಅಪ್ಪನ ಜೊತೆ ತೋಟದೊಳಗೆ ಹೋದೆ. ಬಳ್ಳಿ ತಾಗಿದರೆ ಸಾಕು, ಹನಿ ಉದುರಿ ಅಂಗಿಯ ಹೆಗಲೆಲ್ಲ ಒದ್ದೆ. “ತಮ್ಮಾ, ಎಲಿ ಹಸಿ ಐತಿ, ಇವತ್ತ ಹೊಡಿ” ಅಂದರು ಅಪ್ಪ. ನಾನು ಫೋನ್ ತೆಗೆದು ನೋಡಿದೆ. ಎಲೆಯ ತೇವ ಸೊನ್ನೆ, ರೋಗದ ಭಯ ಇಲ್ಲ, ಹಸಿರು ಗುರುತು. ಎಣ್ಣೆ ಹೊಡೆಯುವ ಬ್ಲೋವರ್ ಹೊರಗೆ ತೆಗೆಯಲಿಲ್ಲ. ಆ ಬೆಳಿಗ್ಗೆ ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ.

ಐದನೇ ದಿನ ಎಲೆಗಳ ಮೇಲೆ ಎಣ್ಣೆ ಬಿದ್ದಂಥ ಹಳದಿ ಕಲೆ. ಮಗುಚಿ ನೋಡಿದರೆ ಕೆಳಗೆ ಬಿಳಿ ಅರಳೆಯಂಥ ಬೂಷ್ಟು. ಹೂಗೊನೆಗಳಿಗೂ ಹತ್ತಿತ್ತು. ಅವು ಕಂದಾಗಿ, ಒಣಗಿ, ಮುಟ್ಟಿದರೆ ಉದುರತೊಡಗಿದವು. ಆಮೇಲೆ ಎಷ್ಟು ಹೊಡೆದರೂ ಹೋದ ಗೊನೆ ಬರಲಿಲ್ಲ.

ಎಂಜಿನಿಯರಿಂಗ್ ಓದುವ ಅಣ್ಣನ ಮಗ ಆಪ್ ತೆಗೆದು, ತೀರಾ ಕೆಳಗೆ ಬೂದು ಬಣ್ಣದ ಸಣ್ಣಕ್ಷರದಲ್ಲಿದ್ದ ತಾರೀಕು ತೋರಿಸಿದ. ಯಂತ್ರ ಕೊನೆಯ ಸಲ ಮಾಹಿತಿ ಕಳಿಸಿ ಒಂಬತ್ತು ದಿನ ಆಗಿತ್ತು. ಸಿಮ್ ಕಂಪನಿಯ ಹೆಸರಲ್ಲಿತ್ತು, ಅವರು ರೀಚಾರ್ಜ್ ಮಾಡಿಸಿರಲಿಲ್ಲ. ಒಣ ದಿನದ ಹಳೇ ಲೆಕ್ಕವನ್ನೇ ಆಪ್ ಒಂಬತ್ತು ದಿನ ತೋರಿಸುತ್ತ ಕೂತಿತ್ತು. ಯಂತ್ರ ಬಂದ್ ಆಗಿದೆ ಅಂತ ಒಂದು ಮೆಸೇಜ್ ಕೂಡ ಇಲ್ಲ. ಫೋನ್ ಮಾಡಿದರೆ “ಸರ್ವರ್ ಪ್ರಾಬ್ಲಂ ಇತ್ರೀ” ಅಂದರು. ರಸೀದಿಯಲ್ಲಿ ಡಬ್ಬಿಗಷ್ಟೇ ವಾರಂಟಿ ಇದೆ, ಬೆಳೆಯ ಮಾತೇ ಇಲ್ಲ.

ಇನ್ನೊಂದು ತಪ್ಪು ಆಮೇಲೆ ಕಂಡಿತು. ಕಂಬ ನಿಲ್ಲಿಸಿದ್ದು ಮೋಟಾರ್ ಶೆಡ್ ಹತ್ತಿರದ ಬಯಲಲ್ಲಿ. ಅಲ್ಲಿ ಬಿಸಿಲು ಬಿದ್ದ ಕೂಡಲೇ ಪಟ್ಟಿ ಒಣಗುತ್ತದೆ, ಚಪ್ಪರದೊಳಗಿನ ಎಲೆ ಇನ್ನೂ ಎಷ್ಟೋ ಹೊತ್ತು ಹಸಿಯೇ ಇರುತ್ತದೆ. ಅಂದರೆ ಯಂತ್ರ ನಡೆಯುತ್ತಿದ್ದಾಗಲೂ ಲೆಕ್ಕ ಕಡಿಮೆಯೇ ಬರುತ್ತಿತ್ತು.

ಯಂತ್ರವೇ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮ ಪಕ್ಕದ ಹೊಲದವರು ಚಪ್ಪರದೊಳಗೇ ಕೂಡಿಸಿಕೊಂಡಿದ್ದಾರೆ, ಸಿಮ್ ಅವರ ಹೆಸರಲ್ಲೇ ಇದೆ, ಅವರದು ಚೆನ್ನಾಗಿ ನಡೆದಿದೆ. ನಾನೂ ಈಗ ಸಿಮ್ ಬದಲಿಸಿ, ಕಂಬ ಒಳಗೆ ತಂದಿದ್ದೇನೆ. ಆದರೂ ಮಳೆ ಬಂದ ಮರುದಿನ ಸರ್ಕಾರದ ವರುಣಮಿತ್ರಕ್ಕೆ (9243345433) ಫೋನ್ ಮಾಡಿ ನಮ್ಮ ಭಾಗದ ಮಳೆ ಕೇಳಿ ಆಪ್ ಜೊತೆ ತಾಳೆ ನೋಡುತ್ತೇನೆ. ಅಲ್ಲಿ ಮಳೆ ಇದ್ದು ಇಲ್ಲಿ ಸೊನ್ನೆ ಇದ್ದರೆ ಮೊದಲು ಡಬ್ಬಿ ನೋಡುತ್ತೇನೆ.

ಈ ಸಲ ಕೊಳ್ಳುವವರು ರೀಚಾರ್ಜ್ ಯಾರದು, ಕೆಟ್ಟರೆ ಎಷ್ಟು ದಿನದಲ್ಲಿ ಬರುತ್ತೀರಿ ಅನ್ನುವುದನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ. ಕೂಡಿಸಿದ ದಿನ ಏಜೆಂಟ್ ಎದುರಿಗೇ ಆ ಪಟ್ಟಿಯ ಮೇಲೆ ಒಂದು ತಂಬಿಗೆ ನೀರು ಹಾಕಿ, ಅರ್ಧ ಗಂಟೆ ಕೂತು ಫೋನ್ ನೋಡಿ. ತೇವ ಏರದಿದ್ದರೆ ದುಡ್ಡು ಕೊಡಬೇಡಿ.