ಕಸ ಹೊಡೆಯುವ ರೋಬೋ: ಕಸ ತಿನ್ನಲಿ, ಮನೆಯ ನಕ್ಷೆ ಯಾಕೆ ಬೇಕು?

ಮೊದಲೇ ಹೇಳಿಬಿಡುತ್ತೇನೆ, ಕಸ ಹೊಡೆಯುವ ವಿಷಯದಲ್ಲಿ ಈ ಯಂತ್ರದ ಮೇಲೆ ನನಗೆ ದೊಡ್ಡ ತಕರಾರಿಲ್ಲ. ತಕರಾರಿರುವುದು ಅದರ ಬೆನ್ನಿಗೇ ಫೋನಿಗೆ ಬಂದು ಕೂತ ಆ್ಯಪ್ ಮೇಲೆ. ಕೊಂಡು ಎರಡು ವರ್ಷದ ಮೇಲಾಯಿತು. ದಸರಾ ಸೇಲ್‌ನಲ್ಲಿ ಇಪ್ಪತ್ತು ಸಾವಿರದ ಆಸುಪಾಸಿಗೆ ಸಿಕ್ಕಿದ್ದು. ತಲೆಯ ಮೇಲೆ ಕೋಣೆ ಅಳೆದು ನಕ್ಷೆ ಬರೆಯುವ ಲೇಸರ್ ಗೋಪುರ, ಹಿಂದೆ ಎಳೆದುಕೊಂಡು ಹೋಗುವ ಒದ್ದೆ ಬಟ್ಟೆ, ಗುಂಡಗಿನ ಬಿಳಿ ತಟ್ಟೆ. ಬ್ರಾಂಡ್ ಹೆಸರು ಬೇಕಂತಲೇ ಬರೆಯುತ್ತಿಲ್ಲ. ಈ ದರದಲ್ಲಿ ನಾನು ನೋಡಿದ ಮಾದರಿಗಳ ಗುಣವೂ ಹೆಚ್ಚುಕಮ್ಮಿ ಒಂದೇ, ರೋಗವೂ ಒಂದೇ. ಸಕ್ಷನ್ ಎಷ್ಟು ಪಾಸ್ಕಲ್, ಬ್ಯಾಟರಿ ಎಷ್ಟು ಎಂಎಎಚ್ ಎಂಬುದೆಲ್ಲ ಡಬ್ಬದ ಮೇಲೇ ಇರುತ್ತದೆ.

ನಮ್ಮದು ದಾವಣಗೆರೆ. ಕಿಟಕಿ ತೆಗೆದರೆ ರಸ್ತೆಯ ಧೂಳು, ಮುಚ್ಚಿದರೆ ಸೆಕೆ. ಮನೆಯಲ್ಲಿ ನಾನು, ಯಜಮಾನರು, ಎಂಟನೇ ಕ್ಲಾಸಿನ ಮಗಳು, ಮಂಡಿನೋವಿನ ಅತ್ತೆ. ಸಂಜೆಯಾದರೆ ಮಂಡಕ್ಕಿ ಕಲಸುವುದು ನಿಲ್ಲುವ ಮನೆಯಲ್ಲ ಇದು. ಸೋಫಾದ ಕಾಲ ಬಳಿ ಉದುರಿದ ಮಂಡಕ್ಕಿ, ಶೇಂಗಾ ಸಿಪ್ಪೆ, ಒಗ್ಗರಣೆಯ ಸಾಸಿವೆ, ಇವನ್ನೆಲ್ಲ ಇದು ಎಷ್ಟು ಆಸೆಯಿಂದ ತಿನ್ನುತ್ತದೆ ಎಂದರೆ ನೋಡುತ್ತ ನಿಲ್ಲಬೇಕು ಅನಿಸುತ್ತದೆ. ಪಕ್ಕದ ಮೂರು ಎಸಳಿನ ಬ್ರಷ್ ಮಾತ್ರ ಒಣ ಮಂಡಕ್ಕಿಯನ್ನು ಮೊದಲು ಅರ್ಧ ಹಾಲ್‌ಗೆ ಚಿಮ್ಮಿಸಿ, ಆಮೇಲೆ ಒಂದೊಂದನ್ನೇ ಹುಡುಕಿಕೊಂಡು ಹೋಗುತ್ತದೆ. ನಿಧಾನಕ್ಕೆ ತಿರುಗುವ ‘ಕ್ವೈಟ್’ ಮೋಡ್‌ನಲ್ಲಿ ಹಾಕಿದರೆ ಚಿಮ್ಮುವುದು ಕಡಿಮೆ.

ಬೆಳಿಗ್ಗೆ ನಾವು ಹೊರಡುವ ಮೊದಲು ಒಂದು ಸಣ್ಣ ಪೂಜೆಯೇ ನಡೆಯುತ್ತದೆ. ಕುರ್ಚಿಗಳನ್ನು ಡೈನಿಂಗ್ ಟೇಬಲ್ ಮೇಲೆ ಮಗುಚಿಡುವುದು, ಚಾರ್ಜರ್ ವೈರ್ ಮೇಲಕ್ಕೆತ್ತುವುದು, ಕಾಲೊರೆಸುವ ಬಟ್ಟೆ ಮಡಚುವುದು, ಮಗಳ ಸಾಕ್ಸ್ ಹುಡುಕುವುದು. ಮನೆ ಗುಡಿಸಲು ಯಂತ್ರ ತಂದೆವು, ಯಂತ್ರ ಗುಡಿಸಲಿ ಎಂದು ಮನೆ ಒಪ್ಪ ಮಾಡುವುದು ನಮ್ಮ ಪಾಲಿಗೆ ಬಂತು. ಬೈಯುತ್ತಲೇ ಮಾಡುತ್ತೇನೆ. ಆದರೆ ಸಂಜೆ ಬಾಗಿಲು ತೆಗೆದಾಗ ಬರಿಗಾಲಿಗೆ ಮಣ್ಣು ಹತ್ತದಿರುವ ಸುಖ ಏನೆಂದು ಆಫೀಸಿನಿಂದ ಬಂದು ಪೊರಕೆ ಹಿಡಿದವರಿಗೇ ಗೊತ್ತು.

ಭಾನುವಾರ ಇದರ ಎಣ್ಣೆಸ್ನಾನ. ಹಳೇ ಪೇಪರ್ ಹಾಸಿ, ಅಂಗಾತ ಮಲಗಿಸಿ, ಹೊಟ್ಟೆಯ ಕ್ಲಿಪ್ ಎರಡನ್ನೂ ಒತ್ತಿ ರೋಲರ್ ಹೊರಗೆ ತೆಗೆಯುತ್ತೇನೆ. ನನ್ನ ಕೂದಲು, ಮಗಳ ಕೂದಲು, ಅತ್ತೆಯ ಬಿಳಿಕೂದಲು ಮೂರೂ ಹೆಣೆದುಕೊಂಡು ಹುರಿಯಾಗಿರುತ್ತವೆ. ಡಬ್ಬದ ಜೊತೆ ಕೊಟ್ಟ ಪುಟ್ಟ ಕತ್ತಿಯಿಂದ ಉದ್ದಕ್ಕೆ ಸೀಳಿದರೆ ಬಿಚ್ಚಿಕೊಳ್ಳುತ್ತದೆ. ನಿಜವಾದ ಶತ್ರು ಕೂದಲಲ್ಲ, ಹೂವಿನ ದಾರ. ಒಣಗಿದ ಮಲ್ಲಿಗೆ ಮಾಲೆಯ ಬಾಳೆನಾರು ರೋಲರ್‌ನ ತುದಿಯ ಗಾಲಿಯೊಳಕ್ಕೆ ಹೊಕ್ಕರೆ ಚಿಮುಟ ಬೇಕು. ಧೂಳಿನ ಡಬ್ಬಿಯಲ್ಲಿ ಬಿಂದಿ, ಸೇಫ್ಟಿ ಪಿನ್, ಒಮ್ಮೆ ಮೂಗುತಿಯ ತಿರುಪು ಕೂಡ ಸಿಕ್ಕಿತ್ತು. ಆ ತಿರುಪು ಸಿಕ್ಕ ದಿನದಿಂದ ಅತ್ತೆ ಇದನ್ನು ಹೆಚ್ಚು ಗೌರವದಿಂದ ನೋಡತೊಡಗಿದರು.

ನಮ್ಮ ಊರಿನ ಕಡೆಯ ಮನೆಯವರು ಗಮನಿಸಬೇಕಾದ ಒಂದು ವಿಷಯ ಯಾವ ವಿಮರ್ಶೆಯಲ್ಲೂ ನನಗೆ ಸಿಗಲಿಲ್ಲ. ನಿಮ್ಮ ನೆಲಕ್ಕೆ ಕಡಪ ಕಲ್ಲಿನ ಅಂಚಿದ್ದರೆ ಹುಷಾರು. ಮೆಟ್ಟಿಲಿನಿಂದ ಬೀಳದಿರಲಿ ಎಂದು ಇದರ ಹೊಟ್ಟೆಯಡಿ ಇನ್‌ಫ್ರಾರೆಡ್ ಸೆನ್ಸರ್‌ಗಳಿರುತ್ತವೆ. ಬಿಟ್ಟ ಬೆಳಕು ನೆಲಕ್ಕೆ ತಗುಲಿ ವಾಪಸ್ ಬಂದರೆ ನೆಲ ಇದೆ ಎಂದು ಲೆಕ್ಕ. ಕಪ್ಪು ಕಲ್ಲು ಆ ಬೆಳಕನ್ನು ನುಂಗಿಬಿಡುತ್ತದೆ. ಯಂತ್ರ ‘ಅಯ್ಯೋ ಪ್ರಪಾತ’ ಎಂದು ಹಿಂದಕ್ಕೆ ಸರಿಯುತ್ತದೆ. ನಮ್ಮ ಅಡುಗೆಮನೆ ಬಾಗಿಲಲ್ಲಿ ಒಂದಡಿ ಅಗಲದ ಕಡಪ ಪಟ್ಟಿ ಇದೆ. ಅಲ್ಲಿ ನಿಂತು, ತಿರುಗಿ, ಮತ್ತೆ ಬಂದು, ಮತ್ತೆ ಹೆದರಿ ವಾಪಸ್. ಸೆನ್ಸರ್ ಮೇಲೆ ಬಿಳಿ ಕಾಗದ ಅಂಟಿಸಿ ಎಂದು ಸಲಹೆ ಕೊಡುವವರಿದ್ದಾರೆ. ಮೆಟ್ಟಿಲಿರುವ ಮನೆಯವರು ಆ ಕೆಲಸ ಮಾಡಬೇಡಿ. ಅಡುಗೆಮನೆಗೆ ನಾನೇ ಎತ್ತಿಕೊಂಡು ಹೋಗಿ ಬಿಡುತ್ತೇನೆ. ದೇವರಮನೆಯ ಹೊಸ್ತಿಲು ಎರಡು ಸೆಂಟಿಮೀಟರಿಗಿಂತ ಎತ್ತರ, ಅಲ್ಲಿಗೆ ಇದು ಹತ್ತುವುದೇ ಇಲ್ಲ, ಒಳ್ಳೆಯದೇ ಆಯಿತು. ಒರೆಸುವ ನೀರಿನ ಟ್ಯಾಂಕಿಗೆ ಬೋರ್ ನೀರು ಹಾಕಿದರೆ ನೆಲದ ಮೇಲೆ ಬಿಳಿ ಗೆರೆ ಉಳಿಯುತ್ತದೆ, ಕುಡಿಯುವ ನೀರೇ ಹಾಕಿ.

ಶುರುವಿನಲ್ಲಿ ಸಂಜೆ ಆರೂವರೆಗೆ ಟೈಮ್ ಇಟ್ಟಿದ್ದೆ. ಮೊದಲ ದಿನವೇ ಅತ್ತೆ ಕೂಗಿಕೊಂಡರು: “ದೀಪ ಹಚ್ಚಿದ ಮ್ಯಾಲೆ ಯಾರಾದ್ರೂ ಕಸ ಹೊಡಿತಾರೇನೇ? ಲಕ್ಷ್ಮಿ ಹೊರಗೆ ಹೋಗ್ತಾಳೆ.” ಯಜಮಾನರು ವಕೀಲರ ಹಾಗೆ ವಾದ ಮಾಡಿದರು: “ಅಮ್ಮ, ಇದು ಹೊರಗೆ ಹಾಕಲ್ಲ, ಹೊಟ್ಟೇಲಿ ಇಟ್ಕೊಳ್ಳುತ್ತೆ. ಲಕ್ಷ್ಮಿ ಹೋದ್ರೂ ಡಬ್ಬಿಯೊಳಗೇ ಇರ್ತಾಳೆ.” ಅತ್ತೆ ಸ್ವಲ್ಪ ಯೋಚಿಸಿ, ಬೆಳಗಾಗುವವರೆಗೂ ಡಬ್ಬಿ ಖಾಲಿ ಮಾಡಬಾರದು ಎಂಬ ಷರತ್ತಿನ ಮೇಲೆ ಒಪ್ಪಿದರು. ನಾನು ಟೈಮನ್ನೇ ಬೆಳಿಗ್ಗೆಗೆ ಬದಲಾಯಿಸಿದೆ. ಪಾತ್ರೆ ತೊಳೆದು ಮೂಲೆಮುಡುಕು ಗುಡಿಸಲು ಬರುವ ಅಕ್ಕ ಈಗಲೂ ಬರುತ್ತಾರೆ. “ಮೂಲೆ ಬಿಡ್ತೈತ್ರೀ ಇದು, ದುಂಡಗೈತಲ್ಲ” ಎಂದು ಅವರು ಮೊದಲ ವಾರವೇ ಹೇಳಿದ್ದರು. ಅದಕ್ಕಿಂತ ನಿಖರವಾದ ವಿಮರ್ಶೆಯನ್ನು ನಾನು ಇನ್ನೂ ಓದಿಲ್ಲ.

ಇಲ್ಲಿಯವರೆಗೆ ಎಲ್ಲ ಚೆನ್ನ. ಕಳೆದ ವರ್ಷ ಆ್ಯಪ್ ಅಪ್‌ಡೇಟ್ ಆಯಿತು. ತೆರೆದರೆ ಇಡೀ ಪರದೆ ತುಂಬ ಇಂಗ್ಲಿಷ್: ಹೊಸ ಪ್ರೈವಸಿ ಪಾಲಿಸಿಗೆ ಒಪ್ಪಿಗೆ ಕೊಡಿ. ಕೆಳಗೆ ಎರಡು ಬಟನ್. ಒಪ್ಪಿಗೆ ಒತ್ತಿದರೆ ಒಳಗೆ, ಇನ್ನೊಂದು ಒತ್ತಿದರೆ ಆ್ಯಪ್ ಮುಚ್ಚಿಕೊಳ್ಳುತ್ತದೆ. ದುಡ್ಡು ಕೊಟ್ಟು ಕೊಂಡ ಪೊರಕೆ, ಸಹಿ ಹಾಕದಿದ್ದರೆ ಕಸ ಹೊಡೆಯಲ್ಲ ಅನ್ನುತ್ತಿದೆ! ಮೊದಲ ಸಲ ಸೆಟ್ ಮಾಡುವಾಗ ಲೊಕೇಶನ್ ಕೇಳಿತ್ತು. ಅದಕ್ಕೊಂದು ಕಾರಣವಿದೆ, ಹಳೆಯ ಆಂಡ್ರಾಯ್ಡ್‌ನಲ್ಲಿ ಅಕ್ಕಪಕ್ಕದ ವೈಫೈ, ಬ್ಲೂಟೂತ್ ಹುಡುಕಲು ಲೊಕೇಶನ್ ಅನುಮತಿ ಬೇಕೇ ಬೇಕು. ಸರಿ ಎಂದುಕೊಂಡು, ಸೆಟ್ ಆದ ಮೇಲೆ ತೆಗೆದುಹಾಕಿದ್ದೆ. ಈ ಸಲ ಕುಳಿತು ಪಾಲಿಸಿ ಓದಿದೆ. ನಕ್ಷೆ, ಗುಡಿಸಿದ ಇತಿಹಾಸ, ಸಾಧನದ ಮಾಹಿತಿ ಎಲ್ಲ ಸರ್ವರ್‌ಗೆ ಹೋಗುತ್ತದೆ, ‘ಸೇವೆಯ ಗುಣಮಟ್ಟ ಹೆಚ್ಚಿಸಲು ಸಹಭಾಗಿಗಳೊಂದಿಗೆ’ ಹಂಚಿಕೊಳ್ಳಬಹುದು. ಸಹಭಾಗಿಗಳು ಯಾರು ಎಂದು ಎಲ್ಲೂ ಇಲ್ಲ. ಮೇಲ್ ಹಾಕಿದೆ. ‘ನಿಮ್ಮ ಖಾಸಗಿತನ ನಮಗೆ ಮುಖ್ಯ’ ಎಂಬ ಉತ್ತರ ಬಂತು, ಅಷ್ಟೇ.

ನಕ್ಷೆಯಲ್ಲಿ ಏನಿದೆ ಮಹಾ, ಅಂತ ಯಜಮಾನರು. ನಾನು ಫೋನಿನಲ್ಲಿ ತೆಗೆದು ತೋರಿಸಿದೆ. ಎಷ್ಟು ಕೋಣೆ, ಯಾವುದು ಎಷ್ಟು ದೊಡ್ಡದು, ಮಂಚ ಎಲ್ಲಿದೆ, ಯಾವ ಬಾಗಿಲು ಮುಚ್ಚಿತ್ತು, ಅತ್ತೆಯ ಕೋಣೆಯಲ್ಲಿ ಕಮೋಡ್ ಕುರ್ಚಿ ಬಂದ ವಾರದಿಂದ ಅಲ್ಲಿ ನಾಲ್ಕು ಹೊಸ ಚುಕ್ಕಿ. ಇತಿಹಾಸ ತೆರೆದರೆ ದಿನಾ ಇಷ್ಟು ಹೊತ್ತಿಗೆ ಶುರು, ಊರಿಗೆ ಹೋದ ವಾರ ಖಾಲಿ. ಮನೆಯಲ್ಲಿ ಜನ ಇಲ್ಲದ ಹೊತ್ತು ಯಾವುದು ಎಂದು ಇದಕ್ಕಿಂತ ಚೆನ್ನಾಗಿ ಬರೆದಿಡಲು ಆಗುವುದಿಲ್ಲ.

ಕೊಳ್ಳುವಾಗ ಕ್ಯಾಮೆರಾ ಇಲ್ಲದ ಮಾದರಿಯನ್ನೇ ಹುಡುಕಿದ್ದೆ. ಅದಕ್ಕೆ ಕಾರಣ 2022ರ ಡಿಸೆಂಬರ್‌ನಲ್ಲಿ ಎಂಐಟಿ ಟೆಕ್ನಾಲಜಿ ರಿವ್ಯೂ ಪತ್ರಿಕೆ ಮಾಡಿದ ವರದಿ. ಐರೋಬಾಟ್ ಕಂಪನಿಯ ರೂಂಬಾ ಎಂಬ ಕಸ ಹೊಡೆಯುವ ರೋಬೋಗಳ ಪರೀಕ್ಷಾರ್ಥ ಮಾದರಿಗಳು 2020ರಲ್ಲಿ ಮನೆಗಳೊಳಗೆ ತೆಗೆದ ಚಿತ್ರಗಳು, ಟಾಯ್ಲೆಟ್‌ನಲ್ಲಿ ಕೂತ ಹೆಂಗಸಿನ ಚಿತ್ರವೂ ಸೇರಿ, ಸಾಮಾಜಿಕ ಜಾಲತಾಣದ ಖಾಸಗಿ ಗುಂಪುಗಳಿಗೆ ಬಂದಿದ್ದವು. ಎಐಗೆ ಕಲಿಸಲು ಚಿತ್ರಗಳಿಗೆ ಹೆಸರು ಹಚ್ಚುವ ಗುತ್ತಿಗೆ ಕೆಲಸಗಾರರ ಕೈಯಿಂದ ಜಾರಿದ್ದು. ಅವು ಮಾರಾಟದ ಯಂತ್ರಗಳಲ್ಲ, ಒಪ್ಪಂದಕ್ಕೆ ಸಹಿ ಹಾಕಿದವರ ಮನೆಯವು ಎಂದು ಕಂಪನಿ ಹೇಳಿತು. 2024ರ ಮೇನಲ್ಲಿ ಅಮೆರಿಕದ ಕೆಲವು ಊರುಗಳಲ್ಲಿ ಎಕೊವ್ಯಾಕ್ಸ್ ಕಂಪನಿಯ ಯಂತ್ರಗಳಿಗೆ ಯಾರೋ ಕನ್ನ ಹಾಕಿ, ಅವುಗಳ ಸ್ಪೀಕರ್‌ನಿಂದಲೇ ಮನೆಯವರಿಗೆ ಜನಾಂಗೀಯ ಬೈಗುಳ ಕೂಗಿಸಿದರು. ಕ್ಯಾಮೆರಾ ಇಲ್ಲದಿದ್ದರೆ ಚಿಂತೆಯಿಲ್ಲವೇ ಎಂದರೆ, 2020ರಲ್ಲಿ ಅಮೆರಿಕದ ಮೇರಿಲ್ಯಾಂಡ್ ಮತ್ತು ಸಿಂಗಪುರದ ಸಂಶೋಧಕರು ಬರೀ ಲೇಸರ್ ಇರುವ ಯಂತ್ರದಿಂದಲೇ ಮಾತು ಕದಿಯಬಹುದೆಂದು ತೋರಿಸಿದರು. ಸ್ಪೀಕರ್ ಪಕ್ಕದ ಕಸದ ಬುಟ್ಟಿಯಂಥ ವಸ್ತುಗಳು ಸದ್ದಿಗೆ ನಡುಗುವುದನ್ನು ಲೇಸರ್ ಅಳೆಯಿತು. ಅದು ಸಾಫ್ಟ್‌ವೇರ್ ತಿದ್ದಿ ಲ್ಯಾಬ್‌ನಲ್ಲಿ ಮಾಡಿದ್ದು. ನಮ್ಮ ಮನೆಯ ಮಾತು ಕದಿಯಲು ಅಷ್ಟು ಕಷ್ಟಪಡುವವರು ಯಾರೂ ಇಲ್ಲ, ರಸ್ತೆಯಲ್ಲಿ ನಿಂತರೇ ಕೇಳುತ್ತದೆ.

ನಾನು ಹೈಸ್ಕೂಲಿನಲ್ಲಿದ್ದಾಗ ಲೈಬ್ರರಿಯಿಂದ ರಾಜಶೇಖರ ಭೂಸನೂರಮಠರ ವೈಜ್ಞಾನಿಕ ಕಥೆಗಳನ್ನು ತಂದು ಓದಿದವಳು. ರೋಬೋ ಅಂದರೆ ಒಂದು ದಿನ ತಿರುಗಿಬೀಳುವ ಜೀವ ಎಂಬ ಹೆದರಿಕೆ ನಮ್ಮ ತಲೆಮಾರಿಗೆ ಸಿನಿಮಾ, ಕಥೆ ಎಲ್ಲ ಸೇರಿ ಕೊಟ್ಟಿದ್ದವು. ಅಮೆರಿಕದ ವೈಜ್ಞಾನಿಕ ಕಥೆಗಾರ ಐಸಾಕ್ ಅಸಿಮೋವ್ 1942ರಲ್ಲೇ ರೋಬೋಗಳಿಗೆ ಮೂರು ನಿಯಮ ಬರೆದಿಟ್ಟ: ಮನುಷ್ಯರಿಗೆ ಕೇಡು ಮಾಡಬೇಡ, ಹೇಳಿದ್ದು ಕೇಳು, ನಿನ್ನನ್ನು ಕಾಪಾಡಿಕೋ. ಕಡಪ ಕಲ್ಲಿಗೆ ಹೆದರುವ ನಮ್ಮದು ಮೂರನೆಯದನ್ನಂತೂ ಅತಿಯಾಗಿಯೇ ಪಾಲಿಸುತ್ತದೆ. ಆದರೆ ಉಂಡ ಮನೆಯ ಸುದ್ದಿ ಊರಿಗೆ ಹೇಳಬೇಡ ಎಂಬ ನಿಯಮ ಆ ಮೂರರಲ್ಲಿ ಇಲ್ಲ. ತಿರುಗಿಬೀಳುವ ರೋಬೋಗಾದರೂ ಒಂದು ನಿಲುವಿರುತ್ತದೆ. ಇದು ನನ್ನ ಮಾತೂ ಕೇಳುತ್ತದೆ, ನಾನು ಕಾಣದ ಇನ್ನೊಬ್ಬರ ಮಾತೂ ಕೇಳುತ್ತದೆ.

ಖಾಸಗಿತನ ದೊಡ್ಡ ಊರಿನವರ, ದೊಡ್ಡವರ ಚಿಂತೆ ಅನ್ನುವವರಿಗೆ ಒಂದು ನೆನಪು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ ಅವರು ಕೋರ್ಟಿಗೆ ಹೋಗಿದ್ದು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ. ಆಮೇಲೆ 2023ರಲ್ಲಿ ದತ್ತಾಂಶ ರಕ್ಷಣೆಯ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ನಿಯಮಗಳು ಬಂದವು, ಮುಖ್ಯ ಹೊಣೆಗಳು ಜಾರಿಯಾಗಲು 18 ತಿಂಗಳ ಅವಕಾಶ ಕೊಟ್ಟಿದ್ದಾರೆ. ಆ ಕಾಯ್ದೆಯಲ್ಲಿ ನನಗೆ ಇಷ್ಟವಾದ ಒಂದು ಸಾಲಿದೆ: ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷ್‌ನಲ್ಲಷ್ಟೇ ಅಲ್ಲ, ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲೂ ಓದುವ ಆಯ್ಕೆ ಇರಬೇಕು. ಅಂದರೆ ಕನ್ನಡದಲ್ಲೂ. ಅತ್ತೆಯ ಕೋಣೆಯ ನಕ್ಷೆ ಕೊಡಬೇಕೋ ಬೇಡವೋ ಎಂದು ಅತ್ತೆಯನ್ನೇ ಕೇಳುವ ದಿನ ಬಂದರೆ ಉತ್ತರ ಏನಿರುತ್ತದೆಂದು ನನಗೆ ಚೆನ್ನಾಗಿ ಗೊತ್ತು.

ಈಗಿನ ವ್ಯವಸ್ಥೆ ಹೀಗಿದೆ. ಒಪ್ಪಿಗೆ ಒತ್ತಿ ಒಳಗೆ ಹೋಗಿ, ನಕ್ಷೆಯ ಮೇಲೆ ರಂಗೋಲಿಯ ಜಾಗ, ಅತ್ತೆಯ ಮಂಚದ ಸುತ್ತ ‘ಬರಬೇಡ’ ಗೆರೆ ಎಳೆದು, ಆಮೇಲೆ ರೌಟರ್‌ನ ಪೇರೆಂಟಲ್ ಕಂಟ್ರೋಲ್‌ನಲ್ಲಿ ಈ ಯಂತ್ರದ ಇಂಟರ್ನೆಟ್ ಕಡಿದುಹಾಕಿದೆ. ಮಗಳಿಗೆ ರಾತ್ರಿ ಯೂಟ್ಯೂಬ್ ನಿಲ್ಲಿಸಲು ಇಟ್ಟ ಪಟ್ಟಿಯಲ್ಲೇ ಇದರ ಹೆಸರೂ ಈಗ ಇದೆ. ಆ್ಯಪ್ ತೆರೆದರೆ ‘ಆಫ್‌ಲೈನ್’ ಎಂದು ಗೋಳಿಡುತ್ತದೆ, ಗೋಳಿಡಲಿ. ತಲೆಯ ಮೇಲಿನ ಗುಂಡಿ ಒತ್ತಿದರೆ ಹಳೇ ನಕ್ಷೆ, ಹಳೇ ಗೆರೆ ನೆನಪಿಟ್ಟುಕೊಂಡು ಇಡೀ ಮನೆ ಗುಡಿಸಿ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಕಳೆದುಕೊಂಡಿದ್ದು ಎರಡೇ: ಒಂದೇ ಕೋಣೆ ಗುಡಿಸು ಎನ್ನುವ ಸೌಲಭ್ಯ, ಮತ್ತು ತಾನಾಗಿ ಶುರುವಾಗುವ ಟೈಮ್. ಈಗ ಶೂ ಹಾಕಿಕೊಂಡ ಮೇಲೆ ಗುಂಡಿ ಒತ್ತುವುದು ಮಗಳ ಕೆಲಸ. ಅಪ್‌ಡೇಟ್ ಬರುವುದಿಲ್ಲ, ಆದರೆ ಹೊರಗಿನ ಸಂಪರ್ಕವೇ ಇಲ್ಲದ ಯಂತ್ರಕ್ಕೆ ಅದರ ಹಂಬಲ ನನಗಿಲ್ಲ. ‘ವ್ಯಾಲೆಟುಡೊ’ ಎಂಬ ಮುಕ್ತ ತಂತ್ರಾಂಶ ಇದೆ, ಕೆಲವು ಮಾದರಿಗಳಿಗೆ ಅದನ್ನು ಹಾಕಿದರೆ ಕಂಪನಿಯ ಸರ್ವರ್ ಇಲ್ಲದೆಯೇ ಬಹುಪಾಲು ಸೌಲಭ್ಯ ಸಿಗುತ್ತದೆ ಎಂದು ಬೆಂಗಳೂರಿನ ತಮ್ಮ ಹೇಳುತ್ತಾನೆ. ಯಂತ್ರ ಬಿಚ್ಚಿ ಕೂರುವ ವ್ಯವಧಾನ ಅವನಿಗಿದೆ, ನನಗಿಲ್ಲ.

ಇಂಟರ್ನೆಟ್ ಕಡಿದ ಮೇಲೆ ಇದರ ಮೇಲಿನ ಸಿಟ್ಟು ಇಳಿದಿದೆ. ಯಂತ್ರಕ್ಕೆ ಐದರಲ್ಲಿ ನಾಲ್ಕು. ಆ್ಯಪ್‌ಗೆ ಒಂದು, ಅದೂ ಆ ‘ಬರಬೇಡ’ ಗೆರೆಗಾಗಿ. ನೀವು ಕೊಳ್ಳುವುದಾದರೆ ಇಷ್ಟು ಮಾಡಿ: ರಿಟರ್ನ್ ಅವಧಿ ಮುಗಿಯುವ ಮೊದಲು ಒಂದು ದಿನ ವೈಫೈ ಆಫ್ ಮಾಡಿ ಗುಂಡಿ ಒತ್ತಿ ನೋಡಿ, ನಿಂತಲ್ಲೇ ನಿಂತರೆ ವಾಪಸ್ ಕಳಿಸಿ. ರೌಟರ್‌ನಲ್ಲಿ 2.4 ಗಿಗಾಹರ್ಟ್ಸ್ ವೈಫೈ ಆನ್ ಇರಲಿ, ನಮ್ಮದಕ್ಕೆ 5 ಗಿಗಾಹರ್ಟ್ಸ್ ವೈಫೈ ಹಿಡಿಸುವುದಿಲ್ಲ. ಪಕ್ಕದ ಬ್ರಷ್ ಆನ್‌ಲೈನ್‌ನಲ್ಲಿ ಸಿಗುವ ಡೂಪ್ಲಿಕೇಟೇ ಸಾಕು, ಅರ್ಧಕ್ಕಿಂತ ಕಡಿಮೆ ಬೆಲೆಗೆ ಅಷ್ಟೇ ದಿನ ಬರುತ್ತದೆ. ಫಿಲ್ಟರ್ ಮಾತ್ರ ಕಂಪನಿಯದೇ ತರಿಸಿ. ಡೂಪ್ಲಿಕೇಟ್ ಫಿಲ್ಟರ್ ಒಮ್ಮೆ ತೊಳೆದ ಮೇಲೆ ಅಂಚು ಸೊಟ್ಟಗಾಗಿ, ಹಿಂದಿನಿಂದ ದಾವಣಗೆರೆಯ ಧೂಳನ್ನೆಲ್ಲ ವಾಪಸ್ ಮನೆಗೇ ಊದುತ್ತಿತ್ತು.